ಹದಿನಾಲ್ಕನೇ ನಂಬರಿನ ಗರಿ

ಮಾರ್ಚ್ ಬಂತೆಂದು ಹೋದ ಭಾನುವಾರ ನೋಯ್ಡಾದ ನಮ್ಮ ಫ್ಲಾಟಿನಲ್ಲಿ ಸ್ವೆಟರುಗಳನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಿದ್ದೆ. ನುಸಿಗುಳಿಗೆಯ ಪೊಟ್ಟಣ ಒಡೆದೆ ನೋಡಿ, ಆ ಘಾಟು ಮೂಗಿಗೆ ಬಡಿದು ಲೋಧಿ ಕಾಲೋನಿಯ ಕೆಳಗಿನ ಮನೆಯ ಅಂಕಲ್ ನೆನಪಾದರು... ಅವರು ಕೋಳಿಗರಿಗಳಿಗೆ ನುಸಿಗುಳಿಗೆ ಹಾಕಿ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದರು.

ನಾನಾಗ ಎಂ.ಎ. ಓದಲು ಬಂದು ಅಲ್ಲೇ ಮೇಲಿನ ಮಹಡಿಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಂಕಲ್ ಮೈಸೂರಿನವರು. ನೌಕರಿಯನ್ನೆಲ್ಲ ಹಿಮಾಚಲದಲ್ಲೇ ಕಳೆದು, ನಿವೃತ್ತರಾದ ಮೇಲೆ ಮಗಳ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದರು. ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ ಹುಚ್ಚು ಅಲ್ಲೇ ಅಂಟಿದ್ದು. ಎರೆಹುಳು ಚುಚ್ಚುವ ಜಾತಿಯಲ್ಲ ಅವರದು. ಸಣ್ಣ ಕೊಕ್ಕೆಗೆ ರೇಷ್ಮೆ ದಾರ, ಗರಿ ಸುತ್ತಿ, ಹುಳುವಿನಂತೆ ಕಾಣುವ ‘ಫ್ಲೈ’ ಕಟ್ಟುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ಚಿಕ್ಕಮ್ಮ, “ಅಲ್ಲಿಂದ ಬಂದ್ರೆ ಮೊದಲು ಕೈ ತೊಳ್ಕೋ” ಎನ್ನುತ್ತಿದ್ದಳು. ನಾನೇನು ಕಡಿಮೆಯೇ, ದಿನಾ ಹೋಗುತ್ತಿದ್ದೆ.

ಆ ವರ್ಷ ಗ್ಲಾಕೋಮಾದಿಂದ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಹೋದದ್ದು ಬರುವುದಿಲ್ಲವೆಂದು ಡಾಕ್ಟರೂ ಹೇಳಿಯಾಗಿತ್ತು. ಏಪ್ರಿಲ್‌ನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಕೊನೆಯ ಸಲ ಹೊಳೆಗೆ ಹೋಗಿಬರುವುದೆಂದು ನಿಶ್ಚಯವಾಗಿತ್ತು. ಹೋದರೆ ತಾನೇ ಕಟ್ಟಿದ ಫ್ಲೈ ಹಿಡಿದೇ ಹೋಗಬೇಕು ಎಂಬುದು ಅವರ ಹಠ.

“ರೆಡಿಮೇಡ್ ಸಿಗುತ್ತೆ ಪಪ್ಪಾ, ಛೋಡೋ ನಾ,” ಎಂದು ಮಗಳು ಹೇಳಿದರೆ, “ಅಚ್ಛಾ, ಹಾಗಾದ್ರೆ ಮೀನೂ ರೆಡಿಮೇಡೇ ತರ್ತೀನಿ ಬಿಡು,” ಎಂದು ಮುಖ ತಿರುಗಿಸುತ್ತಿದ್ದರು.

ಸುತ್ತುವುದಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ, ಕೈಗೇ ರೂಢಿಯಾಗಿತ್ತು. ಕಷ್ಟವಿದ್ದದ್ದು ಕೊಕ್ಕೆಯ ಅಳತೆಗೆ ಸರಿಹೊಂದುವ ಗರಿ ಆರಿಸುವುದರಲ್ಲಿ. ಇದ್ದದ್ದು ಕಂದು ಹೇಂಟೆಯೊಂದರ ಕತ್ತಿನ ಒಣ ಚರ್ಮ, ಗರಿ ಸಮೇತ, ಒಂದೇ ಒಂದು.

ಸಹಾಯ ಮಾಡೋಣವೆಂದು ನನ್ನ ಬುದ್ಧಿಗೆ ಹೊಳೆಯಬೇಕೇ! ಅವರು ಆಸ್ಪತ್ರೆಗೆ ಹೋಗಿದ್ದ ಒಂದು ಬೆಳಿಗ್ಗೆ ಕೂತು ಗರಿಗಳನ್ನೆಲ್ಲ ಕಿತ್ತು, ಮಾತ್ರೆ ಡಬ್ಬಿಯ ಖಾನೆಗಳಲ್ಲಿ ಕೊಕ್ಕೆಯ ನಂಬರಿನ ಪ್ರಕಾರ ತುಂಬಿಟ್ಟೆ. ಹತ್ತಕ್ಕೆ ಚಿಕ್ಕವು, ಹದಿನಾಲ್ಕಕ್ಕೆ ದೊಡ್ಡವು. ಚಪ್ಪಲಿಯ ಲೆಕ್ಕ ನನ್ನದು. ಕೊಕ್ಕೆಯಲ್ಲಿ ನಂಬರು ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆಂದು ನನಗೇನು ಗೊತ್ತು?

ಅಂಕಲ್ ಬಂದು ಆ ಚರ್ಮದ ಮೇಲೆ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. “ಇದೇನು ಮಗು... ಪೂರ್ತಿ ಬೋಳಿಸಿಬಿಟ್ಟೆಯಲ್ಲಾ,” ಎಂದು ಹಾಗೇ ಕುರ್ಚಿಯಲ್ಲಿ ಕೂತರು.

ಆಮೇಲೆ ತಿಳಿಯಿತು. ಚರ್ಮದಲ್ಲಿ ಗರಿಗಳು ತಲೆಯ ಹತ್ತಿರ ಪುಟ್ಟವು, ಕೆಳಗಿಳಿದಂತೆ ದೊಡ್ಡವು. ತಲೆಯಿಂದ ಎರಡು ಬೆರಳು ಕೆಳಗೆ ಹದಿನಾಲ್ಕು, ಇನ್ನೊಂದು ಬೆರಳು ಇಳಿದರೆ ಹನ್ನೆರಡು... ಹೀಗೆ ತಡವಿಯೇ ಅವರು ಅಳತೆ ಹಿಡಿಯುತ್ತಿದ್ದರು. ಅವರಿಗೆ ಉಳಿದಿದ್ದ ಆ ಒಂದೇ ದಾರಿಯನ್ನು ನಾನು ಕಿತ್ತು ಡಬ್ಬಿಗೆ ತುಂಬಿದ್ದೆ. ನಾಚಿಕೆಯಿಂದ ಸತ್ತೇ ಹೋದೆ.

ಮಾರ್ಕೆಟ್ಟಿಗೆ ಓಡಿ, ಕೋಳಿ ಅಂಗಡಿಯ ಭಯ್ಯಾನನ್ನು ಕಾಡಿ, ಮಿರಿಮಿರಿ ಮಿಂಚುವ ಗರಿಗಳನ್ನು ತಂದೆ. ಅಂಕಲ್ ಒಂದನ್ನು ಕೆನ್ನೆಗೆ ಉಜ್ಜಿ ನೋಡಿ ನಕ್ಕುಬಿಟ್ಟರು. “ಇದು ಹುಂಜದ್ದು, ಬಿರುಸು. ನೀರಿನ ಮೇಲೆ ತೇಲುತ್ತೆ. ನನ್ನ ಫ್ಲೈ ಮುಳುಗಬೇಕು ಕಣಮ್ಮ, ಒಳಗೆ ಮೆತ್ತಗೆ ಅಲ್ಲಾಡ್ಬೇಕು. ಚಲೋ, ಕೂತ್ಕೋ. ಕೆಡಿಸಿದವಳೇ ಸರಿ ಮಾಡು.”

ನಾನು ಕಿತ್ತಿಟ್ಟಿದ್ದ ಗರಿಗಳನ್ನೇ ಹರಡಿಕೊಂಡು ಮೂರು ಮಧ್ಯಾಹ್ನ ಕೂತೆವು. ಗರಿಯನ್ನು ಕೊಕ್ಕೆಯ ಬೆನ್ನಿಗೆ ಬಾಗಿಸಿ ಹಿಡಿದರೆ ಅದರ ಎಳೆಗಳು ಬಿಡಿಸಿಕೊಂಡು ನಿಲ್ಲುತ್ತವೆ. ತುದಿಗಳು ಕೊಕ್ಕೆಯ ಮೊನೆಯವರೆಗೆ ಬರಬೇಕು, ದಾಟಬಾರದು. ನಾನು ನೋಡಿ ಹೇಳುವುದು, ಅವರು ಮುಟ್ಟಿ ತಿಳಿಯುವುದು. ಮೂರನೆಯ ದಿನ ಅಂಕಲ್ ಮೊನೆಯ ಪಕ್ಕಕ್ಕೆ ಹೆಬ್ಬೆರಳಿನ ಉಗುರು ಒತ್ತಿ ಹಿಡಿದು ನೋಡಿದರು. ಎಳೆಗಳು ಉಗುರು ದಾಟಿ ಬೆರಳಿಗೆ ಕಚಗುಳಿ ಇಟ್ಟರೆ ಗರಿ ದೊಡ್ಡದು, ಉಗುರಿನಂಚಿಗೆ ತಾಗಿ ನಿಂತರೆ ಸರಿ.

“ಹನ್ನೆರಡು?” ಎಂದರು. ಹನ್ನೆರಡೇ. “ಇದು ಹದಿನಾಲ್ಕು?” ಅದೂ ಸರಿ. ಇಪ್ಪತ್ತು ಗರಿಗಳಲ್ಲಿ ಒಂದೂ ತಪ್ಪಲಿಲ್ಲ. “ಅರೆ ವಾಹ್! ಇನ್ನು ಯಾವ ಹೇಂಟೆಯ ಗರಿ, ಎಲ್ಲಿಂದ ಉದುರಿದ್ದಾದರೂ ತಂದುಕೊಡು,” ಎಂದು ಮೇಜು ಕುಟ್ಟಿದರು. ನನಗೆ ಅಳು ಬಂದುಬಿಟ್ಟಿತು.

ಒಂಬತ್ತು ಫ್ಲೈ ಕಟ್ಟಿಕೊಂಡು ಹೊಳೆಗೆ ಹೋದರು. ಬಿಸಿಲಿಗೆ ಮೂಗು ಸುಟ್ಟುಕೊಂಡು, ಎರಡು ಮೀನು ಹಿಡಿದು ನೀರಿಗೇ ಬಿಟ್ಟು ಬಂದರು. ಕೊನೆಯ ಸಲ ಎಂದವರು ಮುಂದೆ ಮೂರು ಏಪ್ರಿಲ್ ಹೋದರು! ಹೋದ ವರ್ಷದ ಚಳಿಯಲ್ಲಿ ತೀರಿಕೊಂಡರು. ಸರಿಯಾಗಿ ಒಂದು ಕ್ಷಮೆ ಕೇಳೋಣವೆಂದು ನಾನಂದುಕೊಂಡಾಗಲೆಲ್ಲ ಅವರು ಬೇರೆ ಮಾತು ತೆಗೆಯುತ್ತಿದ್ದರು... ಕೊನೆಗೂ ಕೇಳಲಿಲ್ಲ. ಆ ಸಂಕಟ ಈಗಲೂ ಇದೆ.

ಬರುವ ತಿಂಗಳು ನಾನೇ ಹಿಮಾಚಲಕ್ಕೆ ಹೊರಟಿದ್ದೇನೆ. ಇದೇ ಮೊದಲ ಸಲ. ಚಿಕ್ಕಮ್ಮನಿಗೆ ಹೇಳಿಲ್ಲ. ನಾನೇ ಗರಿ ಆರಿಸಿ ಆರು ಫ್ಲೈ ಕಟ್ಟಿದ್ದೇನೆ. ಎರಡು ಸೊಟ್ಟಗಿವೆ, ಒಂದರ ಎಳೆ ತುಸು ಉದ್ದವಾಯಿತೇನೋ ಅಂತ ಅನುಮಾನ. ಸರಿಯಿದೆಯಾ ಅಂಕಲ್ ಎಂದು ಕೇಳೋಣವೆಂದರೆ ಅವರಿಲ್ಲ. ಇನ್ನು ಮೀನನ್ನೇ ಕೇಳಬೇಕು.