ಸೊಟ್ಟ ಎಸಳು

ವಾರ್ನಿಶ್ ವಾಸನೆ ನನಗೆ ಮೊದಲಿಂದಲೂ ಆಗುವುದಿಲ್ಲ. ಆದರೆ ಮೊನ್ನೆ ಬಿಳಿಕೆರೆಯಲ್ಲಿ ನಾದಿನಿ ಮಗಳ ಗೃಹಪ್ರವೇಶಕ್ಕೆ ಹೋದಾಗ ವಾಕರಿಕೆ ಬಂದದ್ದು ವಾಸನೆಗಲ್ಲ, ಬಾಗಿಲಿಗೆ. ನಟ್ಟನಡುವೆ ಎಂಟೆಸಳಿನ ಹೂವು. ಒಂದು ಎಸಳು ಸೊಟ್ಟಗೆ ಪಕ್ಕದ್ದರ ಮೇಲೆ ಬಿದ್ದುಕೊಂಡಿದೆ. ಆ ಸೊಟ್ಟು ನನ್ನ ಹೆಬ್ಬೆರಳಿನದು...

ನಾನು ಕಟ್ಟೆಮಳಲವಾಡಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯಲ್ಲಿ ವಯಸ್ಸಾದ ಬಡಗಿಯೊಬ್ಬರಿದ್ದರು. ಊರೆಲ್ಲ ಆಚಾರ್ರು ಅನ್ನುತ್ತಿತ್ತು. ಸಣ್ಣ ಚಾಕುವಿನಿಂದ ಚಿಕ್ಕ ಚಿಕ್ಕ ಚಕ್ಕೆ ಎಬ್ಬಿಸಿ ಪೆಟ್ಟಿಗೆ ಮುಚ್ಚಳ, ಮಣೆಗಳ ಮೇಲೆ ಹೂವು ಕೆತ್ತುತ್ತಿದ್ದರು. ಮನುಷ್ಯ ಮಾತ್ರ ಮಹಾ ಗಲೀಜು. ನಶ್ಯದ ಮೂಗು ಒರೆಸಿದ ಟವೆಲ್ಲಿನಲ್ಲೇ ಹಲಗೆ ಒರೆಸೋರು. ಅಸಹ್ಯವಾಗಿ ಮುಖ ತಿರುಗಿಸುತ್ತಿದ್ದೆ. ಗೆರೆ ಇಳಿಸಲು ಕೂತರೆ ಮಾತ್ರ ಬೇರೆಯೇ ಆಳು. ಹಲಗೆಯ ಮೇಲೆ ಕಾರ್ಬನ್ ಪೇಪರ್, ಅದರ ಮೇಲೆ ಮಾದರಿಯ ತೆಳು ಹಾಳೆ, ಇಂಕು ಮುಗಿದ ಪೆನ್ನಿನಿಂದ ಒಂದೊಂದೇ ಗೆರೆ ತಿದ್ದುವುದು. ಕೂದಲೆಳೆಯಷ್ಟೂ ಕದಲಬಾರದು.

"ಚಾಕುಗೆ ಕಣ್ಣಿಲ್ಲ ಕಣವ್ವ. ಗೆರೆ ಎತ್ಲಾಗೋ ಅದೂ ಅತ್ಲಾಗೇ," ಅನ್ನುತ್ತಿದ್ದರು.

ಮಾದರಿ ಮಾಡುವಾಗ ಒಂದು ಎಸಳು ಬರೆದು, ಅದನ್ನೇ ಕಾರ್ಬನ್ನಿನಲ್ಲಿ ಸುತ್ತಲೂ ಏಳು ಸಲ ಇಳಿಸೋರು. ಒಂದು ದಿನ ಹಾಳೆ ಅದುಮಿ ಹಿಡಿಯಲು ನನ್ನನ್ನು ಕರೆದರು. ಕೊನೆಯ ಎಸಳಿಗೆ ಬಂದಾಗ ನಮ್ಮನೆಯಿಂದ ಹಾಲುಕ್ಕಿದ ವಾಸನೆ... ಅತ್ತ ತಿರುಗಿದೆ, ಹೆಬ್ಬೆರಳು ಜಾರಿ ಎಸಳು ಸೊಟ್ಟಗಾಯಿತು. ಆಚಾರ್ರು ಬಯ್ಯಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದ್ನ ಒಲೆಗಾಕ್ಬುಡವ್ವ. ನನ್ ಕೈದು ಅಂತ ಯಾರ್ ಕಣ್ಗೂ ಬೀಳ್ಬಾರ್ದು."

"ಆಕ್ತೀನಿ ಬುಡಿ ಆಚಾರ್ರೇ," ಅಂದೆ.

ಹಾಕಲಿಲ್ಲ. ಉಳಿದ ಏಳು ಎಸಳು ಅಷ್ಟು ಚೆಂದ ಇದ್ದವು, ಮನಸ್ಸು ಬರಲಿಲ್ಲ. ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ. ಅವರು ಹೊಸ ಹಾಳೆ ತೆಗೆದುಕೊಂಡು ಮೊದಲಿಂದ ಶುರುಮಾಡಿದರು.

ಅಲ್ಲಿಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆಚಾರ್ರು ತೀರಿಕೊಂಡು ಎಷ್ಟೋ ವರ್ಷಕ್ಕೆ, ದೇವರ ಮಂಟಪ ಮಾಡಿಸಲು ಹುಣಸೂರಿಗೆ ಹೋಗಿದ್ದೆ. ಮಿಷನ್ನಿನಲ್ಲಿ ಮರ ಕೆತ್ತುವ ಅಂಗಡಿ. ಹಳೇ ಡಿಸೈನ್ ತಂದುಕೊಟ್ಟರೆ ಮಂಟಪದ ಬಾಗಿಲು ಪುಕ್ಕಟೆ ಅಂದ ಅಂಗಡಿಯವನು. ಆ ಹಾಳೆ ಒಯ್ದೆ. "ನಮ್ ಆಚಾರ್ರ ಕೈ ಕಣಪ್ಪ ಇದು," ಎಂದು ಜಂಬ ಬೇರೆ. ಅವನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. ಒಂದು ಎಸಳು ಸೊಟ್ಟ ಇದೆ, ತಿದ್ದಿಕೋ ಅನ್ನಬೇಕಿತ್ತು. ಅಂದರೆ ಎಲ್ಲಿ ಬೇಡ ಅಂದುಬಿಡುತ್ತಾನೋ, ಪುಕ್ಕಟೆ ಬಾಗಿಲು ಎಲ್ಲಿ ತಪ್ಪಿಹೋಗುತ್ತದೋ ಅಂತ ಬಾಯಿ ಮುಚ್ಚಿಕೊಂಡೆ.

ಮಿಷನ್ನಿಗೂ ಕಣ್ಣಿಲ್ಲ, ಫೋಟೊದಲ್ಲಿದ್ದದ್ದನ್ನೇ ಬಂದವರಿಗೆಲ್ಲ ಕೆತ್ತಿಕೊಟ್ಟಿತು. ಈಗ ಪಿರಿಯಾಪಟ್ಟಣಕ್ಕೆ ಹೋಗಲಿ, ಕೆ.ಆರ್. ನಗರಕ್ಕೆ ಹೋಗಲಿ, ಎಚ್.ಡಿ. ಕೋಟೆಗೆ ಹೋಗಲಿ, ಯಾರದೋ ಬಾಗಿಲ ಮೇಲೆ ಅದೇ ಸೊಟ್ಟ ಹೂವು. ಥೂ! ನಮ್ಮ ಮಂಟಪದ ಮೇಲೂ ಅದೇ. ದೀಪ ಹಚ್ಚುವಾಗ ದೇವರಿಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ.

"ನಿಮ್ಮೂರ್ ಆಚಾರ್ರ ಡಿಸೈನಂತೆ ಕಣತ್ತೆ ಇದು," ಅಂದಳು ನಾದಿನಿ ಮಗಳು, ಬಾಗಿಲು ಸವರುತ್ತ. "ಇಲ್ಲೊಂದ್ ಎಸಳು ಮಾತ್ರ ಸೊಟ್ಟಗೈತೆ ನೋಡಿ. ಪಾಪ, ವಯಸ್ಸಾಗಿ ಕೈ ನಡುಗ್ತಿತ್ತೇನೋ ಅವ್ರಿಗೆ."

ಸಾಯುವ ಹಿಂದಿನ ವಾರವೂ ಆ ಕೈ ನಡುಗಿರಲಿಲ್ಲ. ಅದನ್ನು ಹೇಳಲು ಅವರಿಲ್ಲ, ಅವರ ಮನೆಯವರು ಯಾರೂ ಇಲ್ಲ. ಕಂಡವಳು ನಾನೊಬ್ಬಳೇ ಉಳಿದಿರುವುದು. ಹೇಳೋಣವೆಂದೇ ಬಾಯಿ ತೆರೆದೆ. ನಾದಿನಿ, ಬೀಗರು, ಬಂದ ನೆಂಟರು, ಎಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಊಂ ಕಣ್ ಮಗ, ವಯಸ್ಸಾಗಿತ್ತು," ಅಂದೆ.

ಆಮೇಲೆ ಎಲ್ಲರ ಜೊತೆ ಊಟಕ್ಕೆ ಕೂತೆ. ಒಬ್ಬಟ್ಟು ಬಡಿಸುವವರು ಎರಡನೇ ಸಲ ಬಂದಾಗ ಬೇಡ ಅನ್ನಲೂ ಇಲ್ಲ.