ಅಯ್ಯಣ್ಣನ ಬಟ್ಟೆಯ ರೆಕ್ಕೆ

ತಿಂಥಣಿಯ ಅಯ್ಯಣ್ಣ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಸುರಪುರದಿಂದ ಹೈದರಾಬಾದಿಗೆ ಹೋಗುವ ಬಸ್ಸಿನ ಕಂಡಕ್ಟರನಾಗಿ ಅರ್ಧ ಆಯುಷ್ಯ ನಿಂತೇ ಕಳೆದವನು. ಅಲ್ಲಿ ಬಸ್ಸು ತಂಗಿದಾಗ ಉಳಿದವರು ಬಿರಿಯಾನಿಗೆ ಹೋದರೆ ಇವನು ಗುಜರಿ ಬಜಾರಿಗೆ ಹೋಗುತ್ತಿದ್ದ. ವಿಮಾನದ ಹುಟ್ಟುಕಾಲದ ಸಾಮಾನು ಕಂಡರೆ ಬಿಡುತ್ತಿರಲಿಲ್ಲ. ಪೈಲಟರ ಚರ್ಮದ ಟೊಪ್ಪಿಗೆ, ಒಡೆದ ಕನ್ನಡಕ, ಮುಳ್ಳಿಲ್ಲದ ಹಿತ್ತಾಳೆ ಮೀಟರು, ಎಲ್ಲ ಮನೆಗೆ ಬಂದವು. ಊರು ಅವನಿಗೆ 'ಇಮಾನದ ಅಯ್ಯಣ್ಣ' ಎಂದು ಹೆಸರಿಟ್ಟು ನಕ್ಕಿತು. ನಾನೂ ನಕ್ಕೆ, ಪಕ್ಕದ ಮನೆಯವನಿಗೆ ಅಷ್ಟೂ ಹಕ್ಕಿಲ್ಲವೇ?

ಒಂದು ವಸ್ತುವಿನ ಬಗ್ಗೆ ಮಾತ್ರ ನಗಲು ಬಿಡುತ್ತಿರಲಿಲ್ಲ. ಮೊದಮೊದಲ ವಿಮಾನಗಳಿಗೆ ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದು, ವಾರ್ನಿಶ್ ಬಳಿದು ರೆಕ್ಕೆ ಮಾಡುತ್ತಿದ್ದರಂತೆ. ಅಂಥ ರೆಕ್ಕೆಯ ಒಂದು ತುಂಡು ಅವನ ಹತ್ತಿರವಿತ್ತು, ಅದರ ಮೇಲೆ ವಿಮಾನದ ಗುರುತಿನ ಕಪ್ಪು ಅಕ್ಷರಗಳಿದ್ದವು. ಫೋಟೋ ನೋಡಿದ ಖಾಸಗಿ ಸಂಗ್ರಹಾಲಯದವರೊಬ್ಬರು, ಅಕ್ಷರ ಅಸಲಿಯಾದರೆ ಅವನ ಹೆಸರು ಬರೆದು ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ, ದಸರೆ ಮುಗಿದ ಮೇಲೆ ಬರುತ್ತೇವೆ ಎಂದಿದ್ದರು. ಅಂದಿನಿಂದ ಅಯ್ಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಲಿ ಕಡಿದೀತೆಂದು ಬಟ್ಟೆಯನ್ನು ಹೆಂಡತಿಗೂ ಹೇಳದೆ ಹೊದೆಯುವ ಕೌದಿಯ ಮಡಿಕೆಯೊಳಗಿಟ್ಟು, ಅದಕ್ಕೊಂದು ಫ್ರೇಮು ಮಾಡಿಸಲು ಶಹಾಪುರಕ್ಕೆ ಹೋದ.

ನಮ್ಮಲ್ಲಿ ದಸರೆಯ ಮಾರ್ನಮಿಗೆ ದೇವಿಯ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆಯೆಲ್ಲ ಹೊಳೆಗೆ ಹೋಗಬೇಕು. ಒಂದು ಚಿಂದಿಯೂ ಮೈಲಿಗೆಯಾಗಿ ಉಳಿಯಬಾರದು. ಅವನ ಹೆಂಡತಿ ಮೌನಮ್ಮ ಕೌದಿಗಳನ್ನೆಲ್ಲ ಹೊತ್ತು ಹೊಳೆಗೆ ಹೋದಳು. ಫ್ರೇಮು ಬಗಲಲ್ಲಿಟ್ಟುಕೊಂಡು ಅಯ್ಯಣ್ಣ ಬರುವಷ್ಟರಲ್ಲಿ ರೆಕ್ಕೆ ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು.

"ಎಷ್ಟ್ ಹೊಲಸಿತ್ರಿ ಇದು, ಚರ್ಮ ಆದಂಗ ಆಗಿತ್ತು! ಸೋಡಾದಾಗ ಕುದಿಸಿ ಕಲ್ಲಿಗಿ ಬಡದೀನಿ. ನೋಡ್ರಿ, ಹೆಂಗ ಬೆಳ್ಳಗ ಆಗ್ಯಾದ" ಎಂದಳು.

ಒಂದಕ್ಷರವೂ ಉಳಿದಿರಲಿಲ್ಲ.

"ಏನ್ ಮಾಡಿದ್ಯೇ! ನನ್ನ ಹೆಸರ ತೊಳ್ದ ಹಾಕಿದೆಲ್ಲೇ!" ಎಂದು ಅಯ್ಯಣ್ಣ ಕೂಗಿದ್ದು ನಮ್ಮ ಮನೆಗೂ ಕೇಳಿತು. ಆಮೇಲೆ ಬಾಯಿಗೆ ಬಂದಂತೆ ಬೈದ. ಅವಳು ಹೊಳೆಗೆ ಓಡಿ, ಕಲ್ಲಿಗಂಟಿದ್ದ ಕಪ್ಪು ಚಕ್ಕೆಗಳನ್ನು ಒದ್ದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಯಾವ ಚಕ್ಕೆ ಯಾವ ಅಕ್ಷರದ್ದೆಂದು ಯಾರಿಗೆ ಗೊತ್ತು? ಅಯ್ಯಣ್ಣ ಸಂಗ್ರಹಾಲಯದವರಿಗೆ ಫೋನು ಮಾಡಿ ಬರಬೇಡಿರೆಂದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನು ನೋಡಿಯೂ ಸಂಕಟವಾಯಿತು.

ಈ ವರ್ಷವೂ ಮಾರ್ನಮಿ ಬಂತು. ಮೌನಮ್ಮ ಒಂದೊಂದೇ ಬಟ್ಟೆ ಹಿಡಿದು ಗಂಡನ ಮುಂದೆ ಬಂದು ನಿಂತಳು. ಕೌದಿ ಆಯಿತು, ಚಾದರ ಆಯಿತು, ಕೊನೆಗೆ ತನ್ನದೇ ಹಳೆಯ ಸೀರೆ.

"ಇದನ್ನ ತೊಳೀಲೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅಯ್ಯಣ್ಣ ಸೀರೆಯನ್ನು ಅವಳ ಕೈಯಿಂದ ತಗೊಂಡು, ಕೌದಿಗಳ ಗಂಟನ್ನೂ ತಾನೇ ಹೊತ್ತು ಹೊಳೆಯ ಕಡೆ ನಡೆದ.