ಶಂಕ್ರಮ್ಮ ಕಾದ ಸೀನು

ಸೌಕಾರ್‌ಪೇಟೆಯ ಸಗಟು ಜವಳಿ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುವ ವೀರಪ್ಪನಿಗೆ ಹತ್ತಿಯ ಧೂಳು ಆಗಿಬರುತ್ತಿರಲಿಲ್ಲ. ರಾಣೆಬೆನ್ನೂರಿನಿಂದ ಮದ್ರಾಸಿಗೆ ಬಂದ ಹೊಸತರಲ್ಲಿ ಶುರುವಾದ ಸೀನು, ಮದುವೆಯಾಗಿ ಮಾಂಬಲಂನಲ್ಲಿ ಮನೆ ಮಾಡಿದ ಮೇಲೂ ಬಿಡಲಿಲ್ಲ. ಒಂದು ಬಂತೆಂದರೆ ಮುಗಿಯಿತು. ಕಣ್ಣು ಕೆಂಪಾಗಿ, ಮೂಗು ಸೋರಿ, ಉಸಿರು ಕಟ್ಟುವವರೆಗೂ ಸೀನಬೇಕು. ಎದುರಿಗೆ ಕೂತ ಗಿರಾಕಿ ಬಟ್ಟೆ ಹಿಂದಕ್ಕೆ ತಳ್ಳಿ ಮುಖ ತಿರುಗಿಸುತ್ತಿದ್ದ.

ಅದು ಐವತ್ತರ ದಶಕದ ಆರಂಭ. ಅಲರ್ಜಿಗೆ ಹೊಸ ಮಾತ್ರೆಗಳು ಬಂದಿವೆಯೆಂದು ಕೇಳಿ ಡಾಕ್ಟರ ಬಳಿ ಹೋದ. ಮೊದಲು ಕೊಟ್ಟ ಬಿಳಿ ಮಾತ್ರೆ ಸೀನನ್ನು ನಿಲ್ಲಿಸಿತು, ಮನುಷ್ಯನನ್ನೂ ನಿಲ್ಲಿಸಿತು. ಗಜಕಡ್ಡಿ ಕೈಯಲ್ಲಿರುವಾಗಲೇ ವೀರಪ್ಪ ಬಟ್ಟೆಯ ಗಂಟಿಗೆ ಒರಗಿ ನಿದ್ದೆಹೋದ. ಮನೆಯಲ್ಲಿ ಊಟದ ತಟ್ಟೆಯ ಮುಂದೂ ತೂಕಡಿಕೆ. ಆಮೇಲೆ ಡಾಕ್ಟರು ಗುಲಾಬಿ ಬಣ್ಣದ್ದು ಕೊಟ್ಟರು. ಅದರಲ್ಲಿ ಮಂಪರು ಕಡಿಮೆ, ಗುಣವೂ ಕಡಿಮೆ. ಬಾಯಿ ಒಣಗುತ್ತಿತ್ತು, ಸೀನು ಅರ್ಧಕ್ಕಷ್ಟೇ ಇಳಿಯುತ್ತಿತ್ತು.

"ಎರಡರಾಗ ಯಾವ್ದು ಚಲೋ ಅಂತಿ?" ಎಂದು ಹೆಂಡತಿಯನ್ನೇ ಕೇಳಿದ.

ಶಂಕ್ರಮ್ಮ ರೊಟ್ಟಿ ಬಡಿಯುತ್ತ ನಕ್ಕಳು. "ಗುಲಾಬೀದ ತಗೋರಿ. ಬಿಳೀದು ನುಂಗಿದ್ರ ನೀವು ಮನ್ಯಾಗ ಇದ್ದೂ ಇಲ್ದಂಗ. ಸೀನು ಬಂದ್ರ ಬರ್ಲಿ ಬಿಡ್ರಿ. ಮೆಟ್ಟಲದಾಗ ನಿಮ್ ಸೀನು ಕೇಳಿದ ಕೂಡ್ಲೆ ನಾ ಒಲಿ ಮ್ಯಾಲ ಹಂಚು ಇಡ್ತೀನಿ."

ಅಂದಿನಿಂದ ಗುಲಾಬಿಯೇ ಗಟ್ಟಿಯಾಯಿತು.

ಎಷ್ಟೋ ವರ್ಷ ಕಾದ ಮೇಲೆ ಶಂಕ್ರಮ್ಮ ಬಸುರಿಯಾದಳು. ಮನೆಯ ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ವೀರಪ್ಪ ಓಡಿಹೋಗಿ ತೊಟ್ಟಿಲ ಮೇಲೆ ಬಗ್ಗುವಷ್ಟರಲ್ಲಿ ಸೀನು ಹತ್ತಿಕೊಂಡಿತು. ಹಸುಗೂಸಿನ ಹತ್ತಿರ ಹೀಗೆ ಸೀನುವುದಾದರೆ ಒಳಗೆ ಬರಲೇಬೇಡಿ ಎಂದು ನರ್ಸಮ್ಮ ಅವನನ್ನು ಹೊರಗೆ ಕಳಿಸಿದಳು. ಶಂಕ್ರಮ್ಮ ಮಲಗಿದಲ್ಲಿಂದಲೇ, "ನಾಳೆ ಬರ್ರಿ, ಎತ್ಕೊಳ್ಳೀರಂತ" ಎಂದಳು.

ಮರುದಿನ ಮಗುವನ್ನು ಎತ್ತಿಕೊಳ್ಳಲೇಬೇಕೆಂದು ಅಂಗಡಿ ಬಿಡುವಾಗ ಬಿಳಿ ಮಾತ್ರೆ ನುಂಗಿದ. ಕೂರಲು ಜಾಗ ಸಿಗಲೆಂದು, ಗಾಡಿ ಹೊರಡುವ ಬೀಚ್ ಸ್ಟೇಷನ್‌ವರೆಗೆ ನಡೆದು ಎಲೆಕ್ಟ್ರಿಕ್ ಟ್ರೈನು ಹತ್ತಿದ. ಮೂಗು ಹಗುರವಾಗಿತ್ತು, ಮನಸ್ಸೂ. ಎಗ್ಮೋರ್ ದಾಟಿದ್ದಷ್ಟೇ ಗೊತ್ತು. ಯಾರೋ ಭುಜ ಅಲುಗಿಸಿದಾಗ ಕಣ್ಣು ಬಿಟ್ಟರೆ ಗಾಡಿ ತಾಂಬರಂನಲ್ಲಿ ನಿಂತಿತ್ತು. ಮಾಂಬಲಂ ಎಷ್ಟೋ ಹಿಂದೆ ಉಳಿದುಹೋಗಿತ್ತು. ವಾಪಸು ಗಾಡಿಯಲ್ಲಿ ಕೂರಲು ಹೆದರಿ ಬಾಗಿಲ ಕಂಬಿ ಹಿಡಿದು ನಿಂತೇ ಬಂದ.

ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅವನ ಅಕ್ಕ ಬಸವಣ್ಣೆಮ್ಮ ಆಸ್ಪತ್ರೆಯ ವರಾಂಡದಲ್ಲಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಮಧ್ಯಾಹ್ನ ಶಂಕ್ರಮ್ಮನಿಗೆ ಜ್ವರ ಏರಿತ್ತು. ಡಾಕ್ಟರು ಏನು ಮಾಡಿದರೂ ಇಳಿದಿರಲಿಲ್ಲ.

"ಈಗ ಹ್ವಾದ್ಳೋ ತಮ್ಮಾ, ಈಗಷ್ಟ. ಬಾಗಲಾನ ನೋಡ್ಕೋತ ಇದ್ಲು. 'ಅವ್ರ ಸೀನು ಕೇಳ್ಸಿದ್ರ ಹೇಳ್ರಿ ಅಕ್ಕಾ' ಅಂದ್ಲು. ಎಲ್ಲಿ ಹೋಗಿದ್ಯೋ?"

ವೀರಪ್ಪ ಒಳಗೆ ಹೋಗಿ ಅವಳ ಹಣೆ ಮುಟ್ಟಿದ. ಬಿಸಿ ಇನ್ನೂ ಆರಿರಲಿಲ್ಲ. ಮಾತ್ರೆಯ ಮಂಪರಿನಲ್ಲಿ ಅಳು ಕೂಡ ಬರಲಿಲ್ಲ. ಮಂಚದ ಅಂಚಿಗೆ ತಲೆಯಿಟ್ಟವನಿಗೆ ರೆಪ್ಪೆಗಳು ತಾವಾಗಿ ಮುಚ್ಚಿಬಂದವು. ಆ ಗಳಿಗೆಯನ್ನು ಅವನು ಮುಂದೆಂದೂ ಕ್ಷಮಿಸಿಕೊಳ್ಳಲಿಲ್ಲ.

ಅಕ್ಕ ಊರಿಗೆ ಮರಳಲಿಲ್ಲ. ಮಗು ನೀಲಮ್ಮನನ್ನು ಅವಳೇ ಸಾಕಿದಳು. ವೀರಪ್ಪ ಬಿಳಿಯದನ್ನೂ ಗುಲಾಬಿಯನ್ನೂ ಎಸೆದುಬಿಟ್ಟ. ಇನ್ನೂ ಒಳ್ಳೆಯವು ಬಂದಿವೆಯೆಂದು ಡಾಕ್ಟರು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀನುತ್ತಲೇ ಬದುಕಿದ.

ತಮಿಳು ಶಾಲೆಗೆ ಹೋಗುತ್ತಿದ್ದ ನೀಲಮ್ಮ ಮನೆಯ ಕನ್ನಡಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು. ಮೈನೆರೆವ ವಯಸ್ಸಿಗೆ ಬಂದವಳು ಒಂದು ಭಾನುವಾರ, ಅಪ್ಪ ಸೀನಿ ಸೀನಿ ಗೋಡೆಗೆ ಒರಗಿದಾಗ, "ಅಪ್ಪಾ, ಮಾತ್ತಿರೈ ಪೋಟ್ಟುಕ್ಕಲಾಮೇ?" ಎಂದಳು. ಮಾತ್ರೆ ತಗೋಬಹುದಲ್ಲ ಎಂದು. ವೀರಪ್ಪ ಅವಳನ್ನು ಹತ್ತಿರ ಕೂರಿಸಿಕೊಂಡು, ಯಾರಿಗೂ ಹೇಳದ್ದನ್ನು ಮೊದಲ ಬಾರಿ ಪೂರ್ತಿ ಹೇಳಿದ.

ಹುಡುಗಿ ತಡವರಿಸುತ್ತ ಕನ್ನಡದಲ್ಲೇ ಕೇಳಿದಳು: "ಅವ್ವನ ದನಿ ಹೆಂಗಿತ್ತಪ್ಪಾ?"

ವೀರಪ್ಪ ಬಾಯಿ ತೆರೆದ. ಶಂಕ್ರಮ್ಮ ಆಡಿದ ಮಾತುಗಳೆಲ್ಲ ಒಂದೂ ಬಿಡದೆ ನೆನಪಿದ್ದವು. ದನಿ ಮಾತ್ರ, ಎಷ್ಟು ಹುಡುಕಿದರೂ ಸಿಗಲಿಲ್ಲ. ಮಗಳು ಅವನ ಮೊಣಕೈ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.